ನಗರದ ದಂಗೆಯೂ ದುರ್ಗದ ಸೀಮೆಯೂ

ನಾಡಿನ ಪ್ರಜೆಗಳೇ ನಾಡಿನ ಸರ್ಕಾರದ ಮೇಲೆ ಆಯುಧ ಹಿಡಿದ ಅಂತಃಕಲಹವೊಂದು 1830-31ರಲ್ಲಿ ಮೈಸೂರು ಸಂಸ್ಥಾನದಲ್ಲಿ ನಡೆಯಿತು. ಅದೇ ನಗರದ ದಂಗೆ. ಇಷ್ಟು ಕಂದಾಯ ಕೂಡಿಸಿಯೇ ತೀರುವೆನೆಂದು ಅಮಲ್ದಾರರಿಂದ ಬರೆಸಿಕೊಳ್ಳುತ್ತಿದ್ದ ಷರತ್ತಿನ ಭಾರವೆಲ್ಲ ರೈತನ ಬೆನ್ನಿಗೆ ಬಿದ್ದಿತ್ತು. ರೈತರು ಕೂಟ ಕಟ್ಟಿದರು. ನಗರದ ಗದ್ದುಗೆ ತನ್ನದೆಂದ ಬೂದಿ ಬಸವಪ್ಪನೂ ತರೀಕೆರೆಯ ಪಾಳೆಯಗಾರನೂ ಅವರೊಡನೆ ಸೇರಿದರು.

ಹೊನ್ನಾಳಿಯಲ್ಲಿ ಕಾಳಗವಾಯಿತು. ಅರಮನೆಯ ದಂಡು ಸಾಲದೆ ಕಂಪೆನಿಯ ಸೈನ್ಯ ಬಂದಿತು. ಕರ್ನಲ್ ಇವಾನ್ಸನ ಪಡೆ ಮೊದಲು ಮಲೆನಾಡಿನ ದಾರಿಯಲ್ಲಿ ತಡೆಯುಂಡು ಶಿವಮೊಗ್ಗೆಗೆ ಹಿಂದಿರುಗಿತು. 1831ರ ಜೂನ್ ತಿಂಗಳಲ್ಲಿ ನಗರದ ಕೋಟೆಯನ್ನು ಹಿಡಿಯಿತು.

ಸೋತವರು ರೈತರು, ಆದರೆ ಅಧಿಕಾರ ಕಳೆದುಕೊಂಡವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅದೇ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಆಡಳಿತವನ್ನು ಕಂಪೆನಿಯ ವಶಕ್ಕೆ ತೆಗೆದುಕೊಂಡನು. 1834ರಲ್ಲಿ ಆತನೇ ಮನಸ್ಸು ಬದಲಿಸಿ, ಚಿತ್ರದುರ್ಗ, ನಗರ, ಮಂಜರಾಬಾದುಗಳನ್ನು ಮಾತ್ರ ಕಂಪೆನಿ ಇಟ್ಟುಕೊಂಡು ಉಳಿದುದನ್ನು ರಾಜರಿಗೆ ಮರಳಿಸಬಹುದೆಂದು ಸೂಚಿಸಿದನು. ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ. ಒಪ್ಪಿದ್ದರೆ ದುರ್ಗದ ಸೀಮೆಯ ಚಳ್ಳಕೆರೆ, ಮೊಳಕಾಲ್ಮೂರುಗಳೂ ನೆರೆಯ ಬಳ್ಳಾರಿಯಂತೆ ಕಂಪೆನಿಯ ಸ್ವಂತ ನೆಲವಾಗುತ್ತಿದ್ದವು. ಆ ಬಳ್ಳಾರಿ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ್ದು 1953ರಲ್ಲಿ.

ಹೀಗೆ ಮೈಸೂರು ಒಡೆಯದೆ ಉಳಿಯಿತು. ಆದರೆ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ, ಐವತ್ತು ವರ್ಷಗಳ ಕಮಿಷನರ ಆಡಳಿತದ ಬಳಿಕ. ಅಷ್ಟರಲ್ಲಿ ಆಡಳಿತದ ಕೇಂದ್ರ ಬೆಂಗಳೂರಿಗೆ ಬಂದು ಅಲ್ಲಿಯೇ ಬೇರೂರಿತ್ತು. ಕಂದಾಯದ ಲೆಕ್ಕದಲ್ಲಿ ಹುಟ್ಟಿದ ಜಗಳವು ಮುಂದಿನ ಎರಡು ತಲೆಮಾರುಗಳಿಗೆ ದೊರೆ ಯಾರೆಂಬುದನ್ನೇ ತೀರ್ಮಾನಿಸಿತು.