ಫ್ಲೈವೀಲ್ ತೂಕ ಇಳಿಸಿಕೊಂಡ ಕಥೆ



ಹಳೆಯ ವಾಲ್ವ್ ರೇಡಿಯೋ ನಿಮ್ಮ ಮನೆಯಲ್ಲಿ ಇದ್ದಿದ್ದರೆ ಒಂದು ಸಂಗತಿ ನೆನಪಿರಬಹುದು. ಸ್ಟೇಷನ್ ಹುಡುಕುವ ಗುಂಡಿಯನ್ನು ಬೆರಳಿನಿಂದ ಒಮ್ಮೆ ಜೋರಾಗಿ ತಿರುಗಿಸಿ ಬಿಟ್ಟರೆ, ಕೆಲವು ಸೆಟ್ಟುಗಳಲ್ಲಿ ಮುಳ್ಳು ತಾನಾಗಿಯೇ ಜಾರುತ್ತ ಡಯಲ್ಲಿನ ಆ ತುದಿಯ ತನಕ ಹೋಗುತ್ತಿತ್ತು. ಗುಂಡಿಯ ಹಿಂದೆ ಒಂದು ಪುಟ್ಟ ಭಾರದ ಚಕ್ರ ಕೂರಿಸಿರುತ್ತಿದ್ದರು, ಅದರ ಮಹಿಮೆ ಅದು. ಟೇಪ್ ರೆಕಾರ್ಡರಿನ ಹೊಟ್ಟೆಯಲ್ಲೂ ಅಂಥದ್ದೇ ಚಕ್ರ ಇರುತ್ತಿತ್ತು. ಅದಿಲ್ಲದಿದ್ದರೆ ಟೇಪು ಒಂದೇ ವೇಗದಲ್ಲಿ ಓಡದೆ ಹಾಡು ಅಲುಗಾಡಿಬಿಡುತ್ತಿತ್ತು. ಈ ಚಕ್ರದ ಹೆಸರು ಫ್ಲೈವೀಲ್. ನಿಮ್ಮ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಕ್ಲಚ್ ಪೆಡಲ್ ಇದ್ದರೆ, ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇದೇ ಜಾತಿಯ ದೊಡ್ಡ ಚಕ್ರವೊಂದು ಕೂತಿದೆ.

ಮನೆಯಲ್ಲಿ ಕಾರಿನ ಹುಚ್ಚಿರುವ ಹುಡುಗನೋ ಹುಡುಗಿಯೋ ಇದ್ದರೆ ಈ ಪ್ರಶ್ನೆ ನಿಮ್ಮ ಕಿವಿಗೂ ಬಿದ್ದಿರುತ್ತದೆ: "ಹಗುರದ ಫ್ಲೈವೀಲ್ ಹಾಕಿಸಿದರೆ ಕಾರು ಚಿಮ್ಮುತ್ತಂತೆ, ಹಾಕಿಸೋಣವಾ?" ಇದಕ್ಕೆ ಉತ್ತರ ಬರೀ ಬೆಲೆಪಟ್ಟಿಯಲ್ಲಿ ಸಿಗುವುದಿಲ್ಲ. ಈ ಚಕ್ರದ ಚರಿತ್ರೆಯನ್ನು ಸ್ವಲ್ಪ ತಿರುವಿ ಹಾಕಬೇಕು. ಅಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ. ಚಕ್ರದ ಭಾರ ಇಳಿಸಿದಾಗಲೆಲ್ಲ, ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾರಾದರೂ ಹೊರಬೇಕಾಗಿ ಬಂದಿದೆ. ಬನ್ನಿ, ಯಾರು ಯಾರು ಹೊತ್ತರು ನೋಡೋಣ.

ತಿಗರಿಯಿಂದ ಉಗಿಯಂತ್ರಕ್ಕೆ

ನಮ್ಮೂರಿನ ಕುಂಬಾರ ಇಂಥ ಚಕ್ರವನ್ನು ತಲೆತಲಾಂತರದಿಂದ ಬಲ್ಲ. ಭಾರದ ತಿಗರಿಯನ್ನು ಕೋಲಿನಿಂದ ರಭಸವಾಗಿ ತಿರುಗಿಸಿ ಬಿಡುತ್ತಾನೆ. ಆಮೇಲೆ ಎರಡೂ ಕೈ ಮಣ್ಣಿನ ಮೇಲೆ. ಕೈ ಕೊಟ್ಟ ಬಲವನ್ನು ತಿಗರಿ ಕೂಡಿಟ್ಟುಕೊಂಡು ನಿಧಾನವಾಗಿ ಹಿಂದಿರುಗಿಸುತ್ತದೆ. ಬ್ಯಾಂಕಿನ ಉಳಿತಾಯ ಖಾತೆಯ ಹಾಗೆ ಅನ್ನಿ.

18ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಉಗಿಯಂತ್ರ ಬರೀ ನೀರೆತ್ತುವ ಕೆಲಸ ಬಿಟ್ಟು ಗಿರಣಿಯ ಯಂತ್ರಗಳನ್ನು ತಿರುಗಿಸಲು ಹೊರಟಾಗ ಈ ಖಾತೆ ಬೇಕಾಯಿತು. ಪಿಸ್ಟನ್ ಹಿಂದೆ ಮುಂದೆ ಹೋಗುವಂಥದ್ದು, ಎರಡೂ ತುದಿಯಲ್ಲಿ ಕ್ಷಣ ನಿಲ್ಲುವಂಥದ್ದು. ಆ ಕ್ಷಣ ದಾಟಿಸಲು ದೊಡ್ಡ ಚಕ್ರದ ಓಟವೇ ಗತಿ. ಆದರೆ ಕ್ರ್ಯಾಂಕ್ ಬಳಸಿ ಹೀಗೆ ತಿರುಗಿಸುವ ಪೇಟೆಂಟನ್ನು 1780ರಲ್ಲಿ ಜೇಮ್ಸ್ ಪಿಕಾರ್ಡ್ ಪಡೆದುಬಿಟ್ಟಿದ್ದ. ಜೇಮ್ಸ್ ವ್ಯಾಟ್ 1781ರಲ್ಲಿ ಬೇರೆ ದಾರಿ ಹಿಡಿದ: ಒಂದು ಗೇರಿನ ಸುತ್ತ ಇನ್ನೊಂದು ಗೇರು ಸುತ್ತುವ 'ಸೂರ್ಯ–ಗ್ರಹ' ವ್ಯವಸ್ಥೆ. ಇದರಲ್ಲಿ ಇನ್ನೊಂದು ಲಾಭವೂ ಇತ್ತು. ಪಿಸ್ಟನ್ ಒಮ್ಮೆ ಹೋಗಿ ಬರುವಷ್ಟರಲ್ಲಿ ಚಕ್ರ ಎರಡು ಸುತ್ತು ತಿರುಗುತ್ತಿತ್ತು. ವೇಗ ಎರಡರಷ್ಟಾದರೆ ಚಕ್ರದಲ್ಲಿ ಕೂಡಿಟ್ಟ ಶಕ್ತಿ ನಾಲ್ಕರಷ್ಟು. ಹಾಗಾಗಿ ಕಡಿಮೆ ಭಾರದ ಚಕ್ರ ಸಾಕಾಯಿತು. ಭಾರದ ಕೆಲಸವನ್ನು ಇಲ್ಲಿ ಹೊತ್ತದ್ದು ವೇಗ.

ಕಾರು ಬಂತು, ಸಿಲಿಂಡರ್ ಹೆಚ್ಚಿತು

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ರೂಪಿಸಿದ ನಾಲ್ಕು ಹೊಡೆತದ ಎಂಜಿನ್ನು ಫ್ಲೈವೀಲಿಗೆ ಇನ್ನಷ್ಟು ಕಷ್ಟದ ಕೆಲಸ ಕೊಟ್ಟಿತು. ನಾಲ್ಕು ಹೊಡೆತದಲ್ಲಿ ಶಕ್ತಿ ಹುಟ್ಟುವುದು ಒಂದರಲ್ಲಿ ಮಾತ್ರ. ಉಳಿದ ಮೂರನ್ನು ಚಕ್ರವೇ ಸಾಲ ಕೊಟ್ಟು ನಡೆಸಬೇಕು. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಗಾಲಿಯ ಕಾರಿನ ಚಿತ್ರ ನೋಡಿ. ಹಿಂಭಾಗದಲ್ಲಿ ದೊಡ್ಡ ಚಕ್ರವೊಂದು ನೆಲಕ್ಕೆ ಸಮನಾಗಿ ಮಲಗಿದೆ. ನೆಟ್ಟಗೆ ನಿಲ್ಲಿಸಿದರೆ ಬುಗುರಿಯ ಗುಣದಿಂದಾಗಿ ಗಾಡಿ ತಿರುಗಿಸಲು ತೊಡಕಾದೀತೆಂದು ಬೆಂಜ್ ಅದನ್ನು ಮಲಗಿಸಿದ್ದ. ಒಂದೇ ಸಿಲಿಂಡರ್, 954 ಸಿಸಿ, ಮುಕ್ಕಾಲು ಅಶ್ವಶಕ್ತಿ, ನಿಮಿಷಕ್ಕೆ ಸುಮಾರು 400 ಸುತ್ತು. ಎಂಜಿನ್ ಶುರು ಮಾಡುತ್ತಿದ್ದದ್ದೂ ಆ ಚಕ್ರವನ್ನೇ ಕೈಯಿಂದ ತಿರುಗಿಸಿ.

ಆಮೇಲೆ ಸಿಲಿಂಡರುಗಳು ಹೆಚ್ಚಿದವು. ನಾಲ್ಕು ಇದ್ದರೆ ಪ್ರತಿ ಅರ್ಧ ಸುತ್ತಿಗೆ ಒಂದು ಶಕ್ತಿಯ ಹೊಡೆತ. ಆರು ಇದ್ದರೆ ಸುತ್ತಿಗೆ ಮೂರು, ಎಂಟು ಇದ್ದರೆ ನಾಲ್ಕು. ಒಂದರ ಬಾಲ ಹಿಡಿದು ಇನ್ನೊಂದು ಬರುವಾಗ ಚಕ್ರ ಸಾಲ ಕೊಡಬೇಕಾದ ಹೊತ್ತು ಕಡಿಮೆಯಾಯಿತು. ಅದರ ಕೆಲಸವನ್ನು ಸಿಲಿಂಡರುಗಳು ಹಂಚಿಕೊಂಡವು. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಂತೂ ಫ್ಲೈವೀಲಿಗೆ ಉಪಕಸುಬು ಬೇರೆ ಸಿಕ್ಕಿತು. ಅದಕ್ಕೆ 16 ಅಯಸ್ಕಾಂತಗಳನ್ನು ಜೋಡಿಸಿ, ಕಿಡಿ ಹಾರಿಸಲು ಬೇಕಾದ ವಿದ್ಯುತ್ತನ್ನು ಅಲ್ಲಿಂದಲೇ ತೆಗೆದರು.

ಮಿನಿ ಕಾರಿನ ಪಾಠ

ಹಗುರದ ಫ್ಲೈವೀಲ್ ಸಾಮಾನ್ಯ ಉತ್ಸಾಹಿಗಳ ಬಾಯಲ್ಲೂ ಓಡಾಡತೊಡಗಿದ್ದು ಮಿನಿಯಂಥ ಕಾರುಗಳ ಕಾಲದಲ್ಲಿ. 1959ರಲ್ಲಿ ಬಂದ 848 ಸಿಸಿಯ ಈ ಪುಟಾಣಿಯನ್ನು ಜಾನ್ ಕೂಪರ್ ಚುರುಕುಗೊಳಿಸಿ 1961ರಲ್ಲಿ ಮಿನಿ ಕೂಪರ್ ಆಯಿತು, 1963ರಲ್ಲಿ ಕೂಪರ್ ಎಸ್. ಮಾಂಟೆ ಕಾರ್ಲೊ ರ‍್ಯಾಲಿಯನ್ನು ಅದು 1964, 1965, 1967ರಲ್ಲಿ ಗೆದ್ದಿತು. ಗೆದ್ದ ಕಾರಿನ ಹಾಗೆ ತಮ್ಮದೂ ಓಡಬೇಕೆಂಬ ಆಸೆ ಯಾರಿಗಿಲ್ಲ? ತಯಾರಿಸುತ್ತಿದ್ದ ಬಿಎಂಸಿಯೇ (ಮುಂಬಯಿಯವರು ನಗಬೇಡಿ, ಇದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಟ್ಯೂನಿಂಗ್ ಬಿಡಿಭಾಗಗಳನ್ನು ಮಾರತೊಡಗಿತು. ಅವುಗಳಲ್ಲಿ ಉಕ್ಕಿನ ಹಗುರ ಫ್ಲೈವೀಲೂ ಇತ್ತು.

ಲಾಭ ಎಷ್ಟು ಎಂದು ನಾವೇ ಲೆಕ್ಕ ಹಾಕೋಣ. 28 ಸೆಂಟಿಮೀಟರ್ ಅಗಲದ, 8 ಕಿಲೋ ತೂಕದ ಸಪಾಟು ತಟ್ಟೆಯಂಥ ಚಕ್ರ ಎಂದುಕೊಳ್ಳಿ. ಅದನ್ನು ತೆಗೆದು 4 ಕಿಲೋದ್ದು ಹಾಕಿದ್ದೀರಿ. ಮೊದಲ ಗೇರಿನಲ್ಲಿ ರಸ್ತೆಯ ಗಾಲಿ ಒಂದು ಸುತ್ತು ಹೋಗಲು ಎಂಜಿನ್ 14 ಸುತ್ತು ತಿರುಗಬೇಕು, ಗಾಲಿಯ ತ್ರಿಜ್ಯ 30 ಸೆಂಟಿಮೀಟರ್. ಆಗ ಇಳಿಸಿದ 4 ಕಿಲೋ, ವೇಗ ಏರಿಸುವಾಗ ಕಾರಿನಿಂದ ಸುಮಾರು 85 ಕಿಲೋ ಇಳಿಸಿದಷ್ಟಕ್ಕೆ ಸಮ. ಒಬ್ಬ ದಪ್ಪನೆಯ ಗೆಳೆಯನನ್ನು ಕೆಳಗಿಳಿಸಿದ ಹಾಗೆ! ಆದರೆ ಕಡೆಯ ಗೇರಿಗೆ ಬನ್ನಿ. ಅಲ್ಲಿ ಗಾಲಿಯ ಒಂದು ಸುತ್ತಿಗೆ ಎಂಜಿನ್ನಿನದು 3.2 ಸುತ್ತು. ಅದೇ 4 ಕಿಲೋದ ಬೆಲೆ ಈಗ 5 ಕಿಲೋಗೂ ಕಡಿಮೆ. ಗೆಳೆಯ ಹೋಗಿ ಅವನ ಕೈಚೀಲವಷ್ಟೇ ಉಳಿಯಿತು.

ಹಗುರ ಚಕ್ರ ಎಂಜಿನ್ನಿಗೆ ಒಂದು ಅಶ್ವಶಕ್ತಿಯನ್ನೂ ಹೆಚ್ಚಿಗೆ ಕೊಡುವುದಿಲ್ಲ. ತನ್ನನ್ನೇ ತಿರುಗಿಸಿಕೊಳ್ಳಲು ಬೇಕಾದ ಶಕ್ತಿಯನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಘಟ್ಟದ ತಿರುವುಗಳಲ್ಲಿ, ಮೊದಲ ಎರಡು ಮೂರು ಗೇರುಗಳಲ್ಲಿ ಏರುತ್ತ ಇಳಿಯುತ್ತ ಓಡಿಸುವ ರ‍್ಯಾಲಿ ಚಾಲಕನಿಗೆ ಅದು ಅಮೃತ. ಎಂಜಿನ್ ಒಡನೆಯೇ ಏರುತ್ತದೆ, ಕಾಲು ತೆಗೆದರೆ ಒಡನೆಯೇ ಇಳಿಯುತ್ತದೆ, ಗೇರು ಚಕಚಕನೆ ಬೀಳುತ್ತದೆ. ಆದರೆ ಚಕ್ರದ ಉಳಿತಾಯ ಖಾತೆ ಖಾಲಿಯಾದದ್ದರಿಂದ, ಹೊರಡುವಾಗ ಎಂಜಿನ್ ನಿಲ್ಲದಂತೆ ನೋಡಿಕೊಳ್ಳುವ ಕೆಲಸ ಯಾರದ್ದಾಯಿತು? ಚಾಲಕನ ಬಲಗಾಲಿನದ್ದು.

ಲೇತಿನ ಮೇಲೆ ಇಟ್ಟ ಚಕ್ರ

ಉಕ್ಕಿನ ಹೊಸ ಚಕ್ರ ದುಬಾರಿ. ಇದ್ದ ಬೀಡು ಕಬ್ಬಿಣದ ಚಕ್ರವನ್ನೇ ಲೇತಿಗೆ ಕಟ್ಟಿ ಹೆರೆಸುವುದು ಅಗ್ಗ. ವಿದೇಶಿ ಬಿಡಿಭಾಗ ತರಿಸುವುದೇ ಕಷ್ಟವಿದ್ದ ದಿನಗಳಲ್ಲಿ ನಮ್ಮ ದೇಶದಲ್ಲಿ ಲೇತೇ ದೇವರು. ಚೆನ್ನೈ ಹತ್ತಿರದ ಶೋಲಾವರಂ ನಮ್ಮಲ್ಲಿ ಅನೇಕರಿಗೆ ಗೊತ್ತು. ಎರಡನೇ ಮಹಾಯುದ್ಧದ ಕಾಲದ ಆ ವಿಮಾನಪಟ್ಟಿಯ ಮೇಲೆ ಫಿಯೆಟ್, ಹೆರಾಲ್ಡ್, ಅಂಬಾಸಿಡರ್ ಕಾರುಗಳು ರೇಸಿಗೆ ಇಳಿಯುತ್ತಿದ್ದವು. 1990ರಲ್ಲಿ ಇರುಂಗಾಟುಕೋಟೈ ಟ್ರ್ಯಾಕ್ ಬರುವವರೆಗೂ ದಕ್ಷಿಣದ ರೇಸಿನ ತವರು ಅದೇ. ಅಂದ ಹಾಗೆ, ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್ನು ಮಿನಿಯ ಎಂಜಿನ್ನಿಗೆ ದೊಡ್ಡಪ್ಪನ ಮಗ ಇದ್ದಂತೆ. ಎರಡೂ ಬಿಎಂಸಿ ಮನೆತನದವೇ.

ಆದರೆ ಲೇತಿನ ಈ ದಾರಿಯಲ್ಲೇ ನಿಜವಾದ ಅಪಾಯ ಇರುವುದು. ನಮ್ಮ 28 ಸೆಂಟಿಮೀಟರ್ ಚಕ್ರ ನಿಮಿಷಕ್ಕೆ 7000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. 8 ಕಿಲೋದ ಚಕ್ರದಲ್ಲಿ ಆಗ ಇರುವ ಶಕ್ತಿ, 50 ಕಿಲೋದ ಅಕ್ಕಿ ಮೂಟೆ 14 ಮಹಡಿಯ ಎತ್ತರದಿಂದ ಬಿದ್ದಾಗಿನ ಹೊಡೆತಕ್ಕೆ ಸಮ. ಬೀಡು ಕಬ್ಬಿಣ ಒತ್ತಡ ತಡೆಯುತ್ತದೆ, ಎಳೆತ ತಡೆಯುವುದರಲ್ಲಿ ಅದು ದುರ್ಬಲ. ತಿರುಗುವ ಚಕ್ರದಲ್ಲಿ ಇರುವುದು ಎಳೆತವೇ. ಸುತ್ತು ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಹೆರೆಯುವಾಗ ಬಿಟ್ಟ ಒಂದು ಚೂಪು ಮೂಲೆ ಸಾಕು, ಬಿರುಕು ಅಲ್ಲಿಂದ ಹೊರಡುತ್ತದೆ. ಆ ಚಕ್ರ ಇರುವುದು ಎಲ್ಲಿ? ಅನೇಕ ಕಾರುಗಳಲ್ಲಿ ನಿಮ್ಮ ಪಾದದಿಂದ ಒಂದೆರಡು ಅಡಿ ದೂರದಲ್ಲಿ, ತೆಳು ಹೊದಿಕೆಯ ಆಚೆಗೆ.

ಅಮೆರಿಕದ ಡ್ರ್ಯಾಗ್ ರೇಸಿನವರು ಈ ಪಾಠವನ್ನು ಪೆಟ್ಟು ತಿಂದೇ ಕಲಿತರು. ಒಡೆದ ಚಕ್ರ, ಒಡೆದ ಕ್ಲಚ್ಚುಗಳ ಚೂರು ಚಾಲಕರನ್ನೂ ನೋಡುಗರನ್ನೂ ಬಿಡಲಿಲ್ಲ. ಆದ್ದರಿಂದಲೇ ಅಲ್ಲಿ ವೇಗದ ಕಾರುಗಳಿಗೆ ಚೂರು ತಡೆಯುವ ಉಕ್ಕಿನ ಕವಚ ಕಡ್ಡಾಯವಾಯಿತು. ಫ್ಲೈವೀಲ್ ಮತ್ತು ಕ್ಲಚ್ಚಿಗೆ ಎಸ್‌ಎಫ್‌ಐ 1.1 ಎಂಬ ಪರೀಕ್ಷೆಯ ಮಾನದಂಡ ಬಂತು. ಚಕ್ರ ಕೊಳ್ಳುವಾಗ ಹೊಳಪು ನೋಡುವ ಮೊದಲು ಆ ಗುರುತು ಇದೆಯೇ ನೋಡಿ.

ಎರಡು ತುದಿಗಳು

ಮುಂದಿನ ಚರಿತ್ರೆ ಎರಡು ದಿಕ್ಕಿಗೆ ಹೋಯಿತು. ಮನೆಬಳಕೆಯ ಕಾರುಗಳಲ್ಲಿ ಫ್ಲೈವೀಲ್ ಮತ್ತೆ ಸಂಕೀರ್ಣವಾಯಿತು. 1980ರ ದಶಕದಲ್ಲಿ ಎರಡು ತುಂಡಿನ, ನಡುವೆ ಸ್ಪ್ರಿಂಗ್ ಇರುವ 'ಡ್ಯುಯಲ್ ಮಾಸ್' ಚಕ್ರ ಯುರೋಪಿನ ಕಾರುಗಳಲ್ಲಿ ಬಂದು, ಡೀಸೆಲ್ ಕಾರುಗಳಲ್ಲಿ ಬೇರೂರಿತು. ಎಂಜಿನ್ನಿನ ನಡುಕ ಗೇರ್ ಬಾಕ್ಸಿಗೆ ಹೋಗದಂತೆ ತಡೆಯುವುದು ಆ ಸ್ಪ್ರಿಂಗಿನ ಕೆಲಸ. ಇಂಥ ಕಾರಿಗೆ ಒಂಟಿ ತುಂಡಿನ ಹಗುರ ಚಕ್ರ ಹಾಕಿದರೆ ಗೇರ್ ಬಾಕ್ಸು ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಗಡಗಡ ಎನ್ನುತ್ತದೆ. ಸ್ಪ್ರಿಂಗ್ ಹೊರುತ್ತಿದ್ದ ಹೊರೆ ಈಗ ಗೇರಿನ ಹಲ್ಲುಗಳ ಮೇಲೆ.

ಇನ್ನೊಂದು ತುದಿಯಲ್ಲಿ 2010ರಿಂದ 2012ರವರೆಗೆ ತಯಾರಾದ ಲೆಕ್ಸಸ್ ಎಲ್‌ಎಫ್‌ಎ ಇದೆ. ಅದರ ಹತ್ತು ಸಿಲಿಂಡರಿನ ಎಂಜಿನ್ನು ಐಡಲ್ ವೇಗದಿಂದ 9000 ಸುತ್ತಿಗೆ 0.6 ಸೆಕೆಂಡಿನಲ್ಲಿ ಏರುತ್ತಿತ್ತು. ಮುಳ್ಳಿನ ಮೀಟರು ಅಷ್ಟು ಬೇಗ ಓಡಲಾರದೆಂದು ಡಿಜಿಟಲ್ ಪರದೆ ಹಾಕಿದರು. ಅಲ್ಲಿ ಹೊರೆ ಹೊತ್ತದ್ದು ಹತ್ತು ಸಿಲಿಂಡರುಗಳು ಮತ್ತು ಕಂಪ್ಯೂಟರ್. ತಮಾಷೆಯೆಂದರೆ, 2012ರ ಲ ಮಾನ್ 24 ಗಂಟೆ ರೇಸನ್ನು ಗೆದ್ದ ಆಡಿ ಹೈಬ್ರಿಡ್ ಕಾರು ಬ್ರೇಕಿನ ಶಕ್ತಿಯನ್ನು ಕೂಡಿಡುತ್ತಿದ್ದದ್ದು ಚಾಲಕನ ಪಕ್ಕ ಕೂರಿಸಿದ್ದ ಒಂದು ಫ್ಲೈವೀಲಿನಲ್ಲಿ! ರೇಸಿನವರು ಹೊರಗೆ ಹಾಕಿದ ಅತಿಥಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ.

ಹಾಗಾದರೆ ನೀವೇನು ಮಾಡಬೇಕು?

ಮೊದಲು ಕೇಳಿಕೊಳ್ಳಬೇಕಾದ್ದು: ಈ ಕಾರು ಓಡುವುದು ಎಲ್ಲಿ? ಸಯಾನ್‌ನಿಂದ ಅಂಧೇರಿಗೆ, ಹಿಂಜೆವಾಡಿಯಿಂದ ಕೋಥ್ರೂಡಿಗೆ, ಎಸಿ ಹಾಕಿಕೊಂಡು ಹತ್ತಡಿಗೊಮ್ಮೆ ನಿಲ್ಲುತ್ತ ಹೋಗುವ ಕಾರಿಗೆ ಕಂಪನಿ ಕೊಟ್ಟ ಚಕ್ರವೇ ಹಿತ. ಅದರ ಭಾರ ನಿಮ್ಮ ಎಡಮಂಡಿಯನ್ನು ಕಾಯುತ್ತಿದೆ. ವಾರಾಂತ್ಯಕ್ಕೆ ಟ್ರ್ಯಾಕಿಗೋ ರ‍್ಯಾಲಿಗೋ ಹೋಗುವ ಕಾರಾದರೆ ಹಗುರದ ಮಾತು ಆಡಬಹುದು.

ಆಗಲೂ ತೂಕದ ಅಂಕಿ ಒಂದನ್ನೇ ನೋಡಬೇಡಿ. ತೂಕ ಇಳಿದದ್ದು ಎಲ್ಲಿಂದ ಎಂದು ಕೇಳಿ. ಅಂಚಿನಿಂದ ತೆಗೆದ 1 ಕಿಲೋ, ಅದರ ಅರ್ಧ ದೂರದಿಂದ ತೆಗೆದ 4 ಕಿಲೋಗೆ ಸಮ. ಅಲ್ಯೂಮಿನಿಯಂ ಚಕ್ರ ಎಲ್ಲಕ್ಕಿಂತ ಹಗುರ, ಆದರೆ ಕ್ಲಚ್ ಉಜ್ಜುವ ಜಾಗಕ್ಕೆ ಉಕ್ಕಿನ ತಟ್ಟೆ ಇರಲೇಬೇಕು. ಸವೆದಾಗ ಆ ತಟ್ಟೆಯನ್ನು ಬದಲಿಸಲು ಬರುತ್ತದೆಯೇ ವಿಚಾರಿಸಿ. ಉಕ್ಕಿನ ಚಕ್ರ ಸ್ವಲ್ಪ ಭಾರ, ಬೀದಿಗೂ ಟ್ರ್ಯಾಕಿಗೂ ನಡುವಿನ ಜಾಣ ಆಯ್ಕೆ. ಯಾವುದೇ ಆದರೂ ಬಿಸಿ ಹೀರಿಕೊಳ್ಳುವ ಲೋಹ ಕಡಿಮೆಯಾದಾಗ ಕ್ಲಚ್ ಬೇಗ ಕಾಯುತ್ತದೆ, ನೆನಪಿರಲಿ. ನಾಲ್ಕು ಸಿಲಿಂಡರಿಗೆ ಸಹಿಸುವ ಹಗುರತನ ಮೂರು ಸಿಲಿಂಡರಿಗೆ ಸಹಿಸದೇ ಇರಬಹುದು. ಅತಿಯಾದರೆ ಅಮೃತವೂ ವಿಷ.

ಕೂರಿಸುವಾಗ ಹೊಸ ಬೋಲ್ಟು ಹಾಕಿಸಿ, ಟಾರ್ಕ್ ರೆಂಚಿನಲ್ಲೇ ಬಿಗಿಸಲು ಹೇಳಿ, ಚಕ್ರವನ್ನೂ ಕ್ಲಚ್ಚನ್ನೂ ಸಮತೋಲ ಮಾಡಿಸಿ. ಹಳೆಯ ಬೀಡು ಕಬ್ಬಿಣವನ್ನು ಹೆರೆದು ಕೊಡುತ್ತೇನೆ, ಕಾಸು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಕೈಮುಗಿದು ಬನ್ನಿ. ಉಳಿದ ಕಾಸಿಗಿಂತ ಉಳಿದ ಪಾದ ದೊಡ್ಡದು.

ವ್ಯಾಟ್ ವೇಗವನ್ನು ನಂಬಿದ, ಫೋರ್ಡ್ ಸಿಲಿಂಡರುಗಳನ್ನು, ರ‍್ಯಾಲಿಯವರು ತಮ್ಮ ಕಾಲನ್ನು. ನಿಮ್ಮ ಕಾರಿನಲ್ಲಿ ಇಳಿಸಿದ ಭಾರವನ್ನು ಯಾರು ಹೊರುತ್ತಾರೆ? ಅದಕ್ಕೆ ಉತ್ತರ ಸಿಕ್ಕ ಮೇಲೆ ಗ್ಯಾರೇಜಿಗೆ ಹೋಗಿ. ದಾರಿಯಲ್ಲಿ ರೇಡಿಯೋ ಹಾಕುವುದನ್ನು ಮಾತ್ರ ಮರೆಯಬೇಡಿ. ಮತ್ತೆ ಸಿಗೋಣ.