ನೀರನ್ನು ತಡೆಯುವ ಎರಡು ಬಗೆ: ಸಸ್ಯಕೋಶ ಮತ್ತು ಪ್ರಾಣಿಕೋಶಗಳ ಭೇದದ ಮರುಪರಿಶೀಲನೆ

ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಪಠ್ಯಪುಸ್ತಕಗಳು ಒಂದು ಕೋಷ್ಟಕದಲ್ಲಿ ಮುಗಿಸುತ್ತವೆ. ಕೋಶಭಿತ್ತಿ ಅಲ್ಲಿದೆ, ಇಲ್ಲಿಲ್ಲ. ಕ್ಲೋರೋಪ್ಲಾಸ್ಟ್ ಅಲ್ಲಿದೆ, ಇಲ್ಲಿಲ್ಲ. ರಸದಾನಿ ಅಲ್ಲಿ ದೊಡ್ಡದು, ಇಲ್ಲಿ ಚಿಕ್ಕದು. ಸೆಂಟ್ರಿಯೋಲ್ ಇಲ್ಲಿದೆ, ಅಲ್ಲಿಲ್ಲ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಸಾಲುಗಳಿಗೆ ಒಂದಕ್ಕೊಂದು ಸಂಬಂಧವಿದೆಯೇ ಎಂದು ಕೋಷ್ಟಕ ಕೇಳುವುದಿಲ್ಲ. ಕ್ಲೋರೋಪ್ಲಾಸ್ಟನ್ನು ಬದಿಗಿಟ್ಟರೆ, ಉಳಿದ ಮುಖ್ಯ ಭೇದಗಳಲ್ಲಿ ಹೆಚ್ಚಿನವು ಒಂದೇ ಸಮಸ್ಯೆಗೆ ಜೀವಿಗಳು ಕಂಡುಕೊಂಡ ಎರಡು ಪರಿಹಾರಗಳಿಂದ ಹುಟ್ಟಿದವು ಎಂಬುದು ಈ ಲೇಖನದ ವಾದ. ಆ ಸಮಸ್ಯೆ, ಕೋಶದೊಳಕ್ಕೆ ನುಗ್ಗುವ ನೀರು.

ಕೋಶದ ಇತಿಹಾಸ ಆರಂಭವಾಗುವುದೇ ಗೋಡೆಯಿಂದ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಸೀಳಿನಲ್ಲಿ ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನು. ಅಲ್ಲಿಂದ ಮುಂದೆ ಸಸ್ಯಗಳಲ್ಲಿ ಕೋಶ ಗುರುತಿಸುವುದು ಸುಲಭವಾಯಿತು, ಪ್ರಾಣಿಗಳಲ್ಲಿ ಕಷ್ಟವಾಗಿಯೇ ಉಳಿಯಿತು. ಪ್ರಾಣಿ ಅಂಗಾಂಶದಲ್ಲಿ ಕಣ್ಣಿಗೆ ಕಾಣುವ ಗಡಿಯೇ ಇರಲಿಲ್ಲ. 1838ರಲ್ಲಿ ಶ್ಲೈಡನ್ ಸಸ್ಯಗಳೆಲ್ಲ ಕೋಶಗಳಿಂದಾದವು ಎಂದ. ಮರುವರ್ಷ ಶ್ವಾನ್ ಆ ಮಾತನ್ನು ಪ್ರಾಣಿಗಳಿಗೂ ವಿಸ್ತರಿಸಿದ. ಶ್ವಾನ್‌ಗೆ ಸಾಮ್ಯ ಹೊಳೆದದ್ದು ಎಲ್ಲಿ ಎಂಬುದು ನಮ್ಮ ವಾದಕ್ಕೆ ಮುಖ್ಯ: ಗೊದಮೊಟ್ಟೆಯ ಬೆನ್ನಿನಲ್ಲಿರುವ ನೋಟೊಕಾರ್ಡ್ ಮತ್ತು ಮೃದ್ವಸ್ಥಿಯ ಕೋಶಗಳಲ್ಲಿ. ನೋಟೊಕಾರ್ಡಿನ ಕೋಶಗಳು ಒಳಗೆ ದೊಡ್ಡ ರಸದಾನಿ ತುಂಬಿಕೊಂಡು, ಹೊರಗಿನ ಗಟ್ಟಿ ಕವಚಕ್ಕೆ ಒತ್ತಿ, ಬಿಗಿಯಾಗಿ ನಿಲ್ಲುತ್ತವೆ. ಅಂದರೆ ಪ್ರಾಣಿದೇಹದಲ್ಲಿ ಸಸ್ಯದ ತಂತ್ರದಿಂದಲೇ ಬಿಗಿಯಾಗಿರುವ ಅಪರೂಪದ ಅಂಗಾಂಶವೊಂದು ಕೋಶಸಿದ್ಧಾಂತಕ್ಕೆ ಸೇತುವೆಯಾಯಿತು.

ಸಾಮ್ಯಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪೊರೆಯಿಂದ ಸುತ್ತುವರಿದ ಕೋಶಕೇಂದ್ರ, ಮೈಟೊಕಾಂಡ್ರಿಯಾ, ಗಾಲ್ಗಿ ಸಂಕೀರ್ಣ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ರೈಬೋಸೋಮ್‌ಗಳು, ಅವನ್ನು ನಡೆಸುವ ಎಟಿಪಿ, ಎಲ್ಲಕ್ಕೂ ಆಧಾರವಾದ ಡಿಎನ್‌ಎ ಸಂಕೇತ ಎರಡರಲ್ಲೂ ಒಂದೇ. ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ತಿದ್ದಬೇಕು. ಸಸ್ಯಕ್ಕೆ ಕ್ಲೋರೋಪ್ಲಾಸ್ಟ್, ಪ್ರಾಣಿಗೆ ಮೈಟೊಕಾಂಡ್ರಿಯಾ ಎಂದು ಹಂಚಿಕೊಟ್ಟಂತೆ ಎಷ್ಟೋ ವಿದ್ಯಾರ್ಥಿಗಳು ಬರೆಯುತ್ತಾರೆ. ಸಸ್ಯಕೋಶಕ್ಕೂ ಹಗಲೂ ಇರುಳೂ ಉಸಿರಾಟವಿದೆ, ಮೈಟೊಕಾಂಡ್ರಿಯಾ ಇಲ್ಲದೆ ಅದು ನಡೆಯದು. ಬೇರಿನ ಕೋಶದಲ್ಲಾಗಲಿ ಈರುಳ್ಳಿ ಗಡ್ಡೆಯ ಸಿಪ್ಪೆಯಲ್ಲಾಗಲಿ ಕ್ಲೋರೋಪ್ಲಾಸ್ಟ್ ಹುಡುಕಿದರೆ ಸಿಗುವುದಿಲ್ಲ, ಮೈಟೊಕಾಂಡ್ರಿಯಾ ಸಿಗುತ್ತದೆ.

ಇನ್ನು ಸಮಸ್ಯೆಗೆ ಬರೋಣ. ಯಾವ ಕೋಶವಾದರೂ ತನ್ನೊಳಗೆ ಪ್ರೋಟೀನು, ನ್ಯೂಕ್ಲಿಯಿಕ್ ಆಮ್ಲಗಳಂಥ ದೊಡ್ಡ ಅಣುಗಳನ್ನು ಕೂಡಿಟ್ಟುಕೊಂಡಿರುತ್ತದೆ. ಅವು ಪೊರೆ ದಾಟಿ ಹೊರಹೋಗಲಾರವು. ಅವುಗಳಲ್ಲಿ ಹೆಚ್ಚಿನವು ಋಣ ವಿದ್ಯುದಾವೇಶ ಹೊತ್ತಿರುವುದರಿಂದ ಧನ ಅಯಾನುಗಳನ್ನೂ ಒಳಗೆ ಹಿಡಿದಿಡುತ್ತವೆ. ಹೀಗೆ ಒಳಗಿನ ದ್ರವ ಹೊರಗಿನದಕ್ಕಿಂತ ಸಾಂದ್ರವಾಗುತ್ತ ಹೋಗುತ್ತದೆ, ಅಭಿಸರಣೆಯಿಂದ ನೀರು ಒಳನುಗ್ಗುತ್ತದೆ. ತಡೆಯದಿದ್ದರೆ ಕೋಶ ಉಬ್ಬಿ ಒಡೆಯುವುದು ಖಂಡಿತ.

ಇದನ್ನು ಎರಡು ಸರಳ ಪ್ರಯೋಗಗಳಲ್ಲಿ ನೋಡಬಹುದು. ಒಂದು ಗಾಜಿನ ನಳಿಕೆಯಲ್ಲಿ 0.9 ಶೇಕಡಾ ಉಪ್ಪಿನ ದ್ರಾವಣ, ಇನ್ನೊಂದರಲ್ಲಿ ಬಟ್ಟಿ ಇಳಿಸಿದ ನೀರು ತೆಗೆದುಕೊಂಡು ಎರಡಕ್ಕೂ ಒಂದೊಂದು ಹನಿ ರಕ್ತ ಹಾಕಿ. ಮೊದಲನೆಯದು ಕದಡಿದ ಕೆಂಪಾಗಿ ನಿಲ್ಲುತ್ತದೆ. ನಳಿಕೆಯ ಹಿಂದೆ ಅಚ್ಚಾದ ಕಾಗದವಿಟ್ಟರೆ ಅಕ್ಷರ ಕಾಣದು. ಎರಡನೆಯದು ಕೆಲವೇ ಕ್ಷಣಗಳಲ್ಲಿ ತಿಳಿಯಾದ ಕೆಂಪಾಗುತ್ತದೆ, ಹಿಂದಿನ ಅಕ್ಷರಗಳನ್ನು ಓದಬಹುದು. ಬೆಳಕನ್ನು ಚದುರಿಸುತ್ತಿದ್ದ ರಕ್ತಕಣಗಳು ಒಡೆದು ಹಿಮೋಗ್ಲೋಬಿನ್ ನೀರಿನಲ್ಲಿ ಕರಗಿಹೋಗಿರುತ್ತದೆ. ಇನ್ನೊಂದು ಪ್ರಯೋಗಕ್ಕೆ ಪಿಯು ತರಗತಿಗಳಲ್ಲಿ ಬಳಸುವ ರಿಯೋ ಗಿಡದ ಎಲೆ ಬೇಕು. ಎಲೆಯಡಿಯ ನೇರಳೆ ಸಿಪ್ಪೆಯನ್ನು ಸುಲಿದು ಗಾಢ ಉಪ್ಪುನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡಿದರೆ, ನೇರಳೆ ರಸ ಮೊದಲು ಕೋಶದ ಮೂಲೆಗಳಿಂದ ಬಿಡಿಸಿಕೊಳ್ಳುತ್ತದೆ, ಆಮೇಲೆ ಉದ್ದನೆಯ ಗೋಡೆಗಳಿಂದ, ಕಡೆಗೆ ನಡುವೆ ಒಂದು ದುಂಡನೆ ಉಂಡೆಯಾಗಿ ನಿಲ್ಲುತ್ತದೆ. ಗೋಡೆ ಇದ್ದ ಜಾಗದಲ್ಲೇ ಇರುತ್ತದೆ. ಹೆಚ್ಚು ಹೊತ್ತು ಬಿಡದೆ ಸಾದಾ ನೀರು ಹಾಯಿಸಿದರೆ ಉಂಡೆ ಮತ್ತೆ ಹಿಗ್ಗಿ ಗೋಡೆಗೆ ತಾಗುತ್ತದೆ, ತಾಗಿ ಅಲ್ಲೇ ನಿಲ್ಲುತ್ತದೆ. ರಕ್ತಕಣಕ್ಕೆ ಒದಗದ ಆ ‘ನಿಲ್ಲುವಿಕೆ’ಯೇ ಸಸ್ಯಕೋಶದ ಬದುಕು.

ಪ್ರಾಣಿಕೋಶ ಆರಿಸಿಕೊಂಡ ದಾರಿ ಪಂಪು. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರಗಳಲ್ಲಿ ಗುರುತಿಸಿದ ಸೋಡಿಯಂ-ಪೊಟ್ಯಾಸಿಯಂ ಪಂಪಿಗೆ 1997ರಲ್ಲಿ ನೊಬೆಲ್ ಬಂತು. ಒಂದು ಎಟಿಪಿ ಅಣು ಖರ್ಚಾದರೆ ಮೂರು ಸೋಡಿಯಂ ಅಯಾನು ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಸೋಡಿಯಂ ಸದಾ ಹೊರಗೇ ಉಳಿಯುವುದರಿಂದ ಒಳಗಿನ ಹೆಚ್ಚುವರಿ ಸಾಂದ್ರತೆಗೆ ಹೊರಗೆ ಸರಿತೂಗುವ ಭಾರ ಸಿಗುತ್ತದೆ, ನೀರು ನುಗ್ಗುವುದಿಲ್ಲ. ಆದರೆ ಈ ಪಂಪು ನಿಲ್ಲುವಂತಿಲ್ಲ. ವಿಶ್ರಾಂತಿಯಲ್ಲಿರುವ ನಮ್ಮ ದೇಹದ ಶಕ್ತಿವ್ಯಯದಲ್ಲಿ ಸುಮಾರು ಐದನೆಯ ಒಂದು ಭಾಗ ಇದಕ್ಕೇ ಹೋಗುತ್ತದೆ. ರಕ್ತಸಂಚಾರ ನಿಂತ ಅಂಗದ ಕೋಶಗಳು ಊದಿಕೊಳ್ಳುವುದಕ್ಕೆ ಮೊದಲ ಕಾರಣ ಎಟಿಪಿ ಸಿಗದೆ ಈ ಪಂಪು ಸೋಲುವುದು.

ಈ ಭೇದಕ್ಕೆ ಸಾಕ್ಷಿ ನಮ್ಮ ಹಿತ್ತಲಲ್ಲೇ ಇದೆ. ಕಣಗಿಲೆ ಮತ್ತು ಎಕ್ಕ ದನಕರುಗಳಿಗೆ ವಿಷವೆಂದು ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಗಿಡಗಳು ತಯಾರಿಸುವ ಹೃದಯಘಾತಕ ಗ್ಲೈಕೋಸೈಡುಗಳು ಹೋಗಿ ಕೂರುವುದು ಸೋಡಿಯಂ-ಪೊಟ್ಯಾಸಿಯಂ ಪಂಪಿನ ಮೇಲೆ. ಗಿಡ ತನ್ನ ವಿಷಕ್ಕೆ ತಾನೇ ಬಲಿಯಾಗದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಅದರ ಕೋಶಗಳಲ್ಲಿ ಆ ಪಂಪೇ ಇಲ್ಲ.

ಸಸ್ಯಕೋಶದ ಪೊರೆಯ ಮುಖ್ಯ ಪಂಪು ಹೊರಗೆ ತಳ್ಳುವುದು ಪ್ರೋಟಾನುಗಳನ್ನು. ಅದು ನೀರನ್ನು ದೂರವಿಡಲು ಯತ್ನಿಸುವುದಿಲ್ಲ, ಬದಲಿಗೆ ಕರೆದುಕೊಳ್ಳುತ್ತದೆ. ಒಳಬಂದ ನೀರು ರಸದಾನಿಯಲ್ಲಿ ತುಂಬಿ, ಬಲಿತ ಕೋಶದಲ್ಲಿ ಎಷ್ಟೋ ವೇಳೆ ಶೇಕಡಾ 80ಕ್ಕೂ ಹೆಚ್ಚು ಜಾಗ ಹಿಡಿದು, ಸೆಲ್ಯುಲೋಸ್ ಗೋಡೆಯ ಮೇಲೆ ಒತ್ತುತ್ತದೆ. ಈ ಒತ್ತಡ ಸಾಮಾನ್ಯವಾಗಿ ವಾತಾವರಣದ ಒತ್ತಡದ ಐದರಿಂದ ಹತ್ತು ಪಟ್ಟು. ಕಾರಿನ ಟೈರಿಗೆ ನಾವು ತುಂಬಿಸುವುದು ಎರಡು ಪಟ್ಟಿನ ಆಸುಪಾಸು. ಎಳೆ ಸೊಪ್ಪು ನೆಟ್ಟಗೆ ನಿಲ್ಲುವುದೂ ಪತ್ರರಂಧ್ರ ತೆರೆಯುವುದೂ ಬೇರಿನ ತುದಿ ಗಟ್ಟಿ ನೆಲವನ್ನು ಸೀಳುವುದೂ ಈ ಒತ್ತಡದಿಂದಲೇ. ಬೆಳವಣಿಗೆಯಲ್ಲೂ ಕೋಶ ಹಿಗ್ಗುವುದು ಬಹುಮಟ್ಟಿಗೆ ನೀರು ತುಂಬಿಕೊಂಡು. ನೀರು ಅಗ್ಗ, ಪ್ರೋಟೀನು ದುಬಾರಿ. ರಸದಾನಿ ದೊಡ್ಡದಾದದ್ದಕ್ಕೆ ನನ್ನ ಮಟ್ಟಿಗೆ ಇದು ಸಾಕಷ್ಟು ವಿವರಣೆ.

ಗೋಡೆ ಕಟ್ಟಿಕೊಂಡ ಮೇಲೆ ಉಳಿದದ್ದು ತಾನಾಗಿ ಹಿಂಬಾಲಿಸಿತು. ಪ್ರಾಣಿಕೋಶ ವಿಭಜಿಸುವಾಗ ಆಕ್ಟಿನ್-ಮಯೋಸಿನ್ ಎಳೆಗಳ ಉಂಗುರ ಹೊರಗಿನಿಂದ ಬಿಗಿದು ಕೋಶವನ್ನು ಎರಡಾಗಿಸುತ್ತದೆ. ಗಟ್ಟಿ ಗೋಡೆಯನ್ನು ಹಾಗೆ ಬಿಗಿಯಲಾಗದು. ಹಾಗಾಗಿ ಸಸ್ಯಕೋಶ ಒಳಗಿನಿಂದ, ನಡುವಿನಿಂದ ಅಂಚಿನ ಕಡೆಗೆ ಹೊಸ ಗೋಡೆ ಕಟ್ಟುತ್ತದೆ. ನೆರೆಕೋಶಗಳ ನಡುವೆ ಆ ಗೋಡೆಯಲ್ಲೇ ಉಳಿಯುವ ಪ್ಲಾಸ್ಮೊಡೆಸ್ಮಾಟಾ ಎಂಬ ಸಣ್ಣ ಕಾಲುವೆಗಳನ್ನು 1879ರಲ್ಲಿ ಟಾಂಗ್ಲ್ ಗುರುತಿಸಿದ. ಗೋಡೆಯೊಳಗಿನ ಕೋಶ ಜಾಗ ಬಿಟ್ಟು ಕದಲಲಾರದು. ಪ್ರಾಣಿಗಳಲ್ಲಿ ಕ್ಯಾನ್ಸರ್ ಕೋಶಗಳು ಊರೂರು ಅಲೆದು ನೆಲೆಯೂರುವಂತೆ ಸಸ್ಯಗಳ ಗಡ್ಡೆಗಳ ಕೋಶಗಳು ಹೊರಟುಹೋಗುವುದಿಲ್ಲ. ಮರದ ಕಾಂಡದಲ್ಲಿ ದೊಡ್ಡ ಗಂಟು ಕಟ್ಟಿದರೂ ಮರ ದಶಕಗಳ ಕಾಲ ಬದುಕುವುದುಂಟು.

ವಿದ್ಯುತ್ ಸಂಕೇತಗಳ ವಿಷಯ ಇನ್ನೂ ಸ್ವಾರಸ್ಯಕರ. ಸಸ್ಯಗಳಲ್ಲೂ ವಿದ್ಯುತ್ ಪ್ರತಿಕ್ರಿಯೆ ಇದೆಯೆಂದು ಜಗದೀಶಚಂದ್ರ ಬೋಸ್ ಕಲ್ಕತ್ತೆಯಲ್ಲಿ ತೋರಿಸಿದಾಗ ಅದನ್ನು ಪ್ರಾಣಿಗಳ ನರಕ್ಕೆ ಹೋಲಿಸಿದರು. ಹೋಲಿಕೆ ಸರಿ, ಯಂತ್ರ ಬೇರೆ. ನಮ್ಮ ನರದ ಸಂಕೇತ ಹೊರಗಿನ ಸೋಡಿಯಂ ಒಳನುಗ್ಗುವುದರಿಂದ ಹುಟ್ಟುತ್ತದೆ. ಆ ಸೋಡಿಯಮ್ಮನ್ನು ಹೊರಗೆ ಪೇರಿಸಿಟ್ಟದ್ದು ನೀರು ತಡೆಯುವ ಅದೇ ಪಂಪು. ಸಸ್ಯದಲ್ಲಿ ಕ್ಯಾಲ್ಸಿಯಂ ಒಳಬಂದು ಕ್ಲೋರೈಡ್ ಹೊರಹರಿಯುತ್ತದೆ, ಹಿಂದೆಯೇ ಪೊಟ್ಯಾಸಿಯಂ ಹೊರಬೀಳುತ್ತದೆ. ಮುಟ್ಟಿದರೆ ಮುನಿಯ ಎಲೆತೊಟ್ಟಿನ ಬುಡದಲ್ಲಿ ಈ ಲವಣಗಳ ಬೆನ್ನಿಗೆ ನೀರೂ ಹೊರಟು, ಬಿಗುವು ಕಳೆದುಕೊಂಡ ಕೋಶಗಳು ಕುಸಿದು ಎಲೆ ಮುದುಡುತ್ತದೆ.

ಆಕ್ಷೇಪಗಳಿವೆ. ಗೋಡೆ, ರಸದಾನಿ, ಕ್ಲೋರೋಪ್ಲಾಸ್ಟ್‌ ಒಟ್ಟಿಗೆ ಕಾಣುವುದರಿಂದ ಗೋಡೆ ದ್ಯುತಿಸಂಶ್ಲೇಷಣೆಯ ಜೀವನಕ್ಕೆ ಸಂಬಂಧಿಸಿದ್ದಿರಬಹುದಲ್ಲ? ಶಿಲೀಂಧ್ರಗಳು ಇದನ್ನು ತಳ್ಳಿಹಾಕುತ್ತವೆ. ವಂಶಾವಳಿಯಲ್ಲಿ ಅವು ಸಸ್ಯಗಳಿಗಿಂತ ಪ್ರಾಣಿಗಳಿಗೆ ಹತ್ತಿರ, ಕ್ಲೋರೋಪ್ಲಾಸ್ಟ್ ಇಲ್ಲ. ಆದರೂ ಕೈಟಿನ್ ಇರುವ ಗೋಡೆ, ಒಳಗೆ ರಸದಾನಿ, ಪೊರೆಯಲ್ಲಿ ಪ್ರೋಟಾನ್ ಪಂಪು ಎಲ್ಲವೂ ಇವೆ. ಕ್ಲೋರೋಪ್ಲಾಸ್ಟಿನ ಕತೆಯೇ ಬೇರೆ: ಅದು ಒಳಸೇರಿಕೊಂಡ ಸಯನೋಬ್ಯಾಕ್ಟೀರಿಯಾದ ವಂಶದ್ದು ಎಂಬ ವಾದವನ್ನು ಲಿನ್ ಮಾರ್ಗುಲಿಸ್ 1967ರಲ್ಲಿ ಹೊಸದಾಗಿ ಮಂಡಿಸಿದ್ದು ಇಂದು ಒಪ್ಪಿತ ಸಂಗತಿ. ನೀರಿನ ವಾದ ಅದನ್ನು ವಿವರಿಸುವುದಿಲ್ಲ, ವಿವರಿಸಬೇಕಾಗಿಯೂ ಇಲ್ಲ. ಸೆಂಟ್ರಿಯೋಲಿನ ಸಾಲಂತೂ ಅರ್ಧ ಸತ್ಯ. ಹೂ ಬಿಡುವ ಸಸ್ಯಗಳಲ್ಲಿ ಅದು ಇಲ್ಲ ನಿಜ. ಹಾವಸೆ, ಜರೀಗಿಡಗಳ ಈಜುವ ಪುರುಷಾಣುಗಳಲ್ಲಿ ಅಂಥದೇ ರಚನೆ ಇದೆ. ಗಿಂಕ್ಗೊ ಮರದಲ್ಲಿ ಹಿರಾಸೆ, ಸೈಕಸ್‌ನಲ್ಲಿ ಇಕೆನೊ ಇಂಥ ಈಜುವ ಪುರುಷಾಣುಗಳನ್ನು 1896ರಲ್ಲಿ ಕಂಡರು. ಎರಡು ದಾರಿಗಳ ನಡುವಿನ ಗಡಿಯೂ ಎಲ್ಲೆಡೆ ಅಷ್ಟು ಗಟ್ಟಿಯಲ್ಲ: ಸಿಹಿನೀರಿನ ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಪಾಚಿಯಲ್ಲಿ ಗೋಡೆ, ಕ್ಲೋರೋಪ್ಲಾಸ್ಟ್ ಇರುವುದರ ಜೊತೆಗೆ ಈಜುವ ಕಶಾಂಗಗಳೂ ಇವೆ, ನೀರನ್ನು ಹೊರಚೆಲ್ಲುವ ಸಂಕೋಚಿ ರಸದಾನಿಗಳೂ ಇವೆ.

ಪಂಪುಗಳ ಈ ಭೇದಕ್ಕೆ ಕರ್ನಾಟಕದಲ್ಲಿ ಹೊಲದ ಮಟ್ಟದ ಅರ್ಥವೂ ಇದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರಾವರಿ ಬಂದ ಬಳಿಕ ಸಾಕಷ್ಟು ಭೂಮಿ ಸವಳು-ಜವಳಾಗಿದೆ. ಅಂಥ ನೆಲದ ಸೋಡಿಯಂ ಬೇರಿನೊಳಕ್ಕೆ ಬಂದಾಗ ಅದನ್ನು ಹೊರದೂಡಲು ಪ್ರಾಣಿಗಳಿಗಿರುವ ಪಂಪು ಭತ್ತಕ್ಕೆ ಇಲ್ಲ. ಪ್ರೋಟಾನ್ ಪಂಪು ಕಟ್ಟಿದ ಇಳಿಜಾರನ್ನು ಬಳಸಿ, ಒಂದು ಪ್ರೋಟಾನಿಗೆ ಪ್ರತಿಯಾಗಿ ಒಂದು ಸೋಡಿಯಂ ಅನ್ನು ಕೋಶದಿಂದ ಹೊರಕ್ಕೋ ರಸದಾನಿಯೊಳಕ್ಕೋ ಸಾಗಿಸುವುದು ಅದಕ್ಕಿರುವ ಉಪಾಯ. ಉಪ್ಪಿನ ಪ್ರಮಾಣ ಆ ಶಕ್ತಿಯನ್ನು ಮೀರಿದರೆ ಪೊಟ್ಯಾಸಿಯಂ ಇರಬೇಕಾದ ಕಡೆ ಸೋಡಿಯಂ ಕೂತು ಕಿಣ್ವಗಳು ಕೆಡುತ್ತವೆ, ಎಲೆಯ ತುದಿ ಸುಡುತ್ತದೆ. ಸವಳು ತಾಳುವ ಭತ್ತದ ತಳಿಗಳನ್ನು ಆರಿಸುವವರು ಅದಕ್ಕಾಗಿಯೇ ಇಳುವರಿಯ ಜೊತೆಗೆ ಎಲೆಯಲ್ಲಿನ ಸೋಡಿಯಂ-ಪೊಟ್ಯಾಸಿಯಂ ಅನುಪಾತವನ್ನೂ ಅಳೆಯುತ್ತಾರೆ.