ಫೆನಿ

ಫೆನಿ ಎಂಬುದು ಗೇರುಹಣ್ಣಿನ ರಸವನ್ನು ಹುಳಿಸಿ, ಭಟ್ಟಿ ಇಳಿಸಿ ತೆಗೆಯುವ ಗೋವೆಯ ಮದ್ಯ. ದ್ರಾಕ್ಷಿಯಿಂದ ಬ್ರಾಂಡಿ ಹುಟ್ಟುವ ಕ್ರಮವೇ ಇದರದೂ. ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡದ ಕಡೆ ದ್ರಾಕ್ಷಿ ಬೆಳೆಯಿದ್ದರೂ ಅದು ಹೆಚ್ಚಾಗಿ ಒಣದ್ರಾಕ್ಷಿಯಾಗುತ್ತದೆ. ಹಣ್ಣಿನ ಭಟ್ಟಿಯ ಹಳೆಯ ಪದ್ಧತಿ ನೋಡಲು ಜಿಲ್ಲೆಯ ಗಡಿ ದಾಟಿ, ಘಟ್ಟ ಇಳಿದು ಗೋವೆಗೆ ಹೋಗಬೇಕು.

ಗೇರು ಬ್ರೆಜಿಲ್ ಮೂಲದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಗೋವೆಗೆ ತಂದರು. ಬೇಸಿಗೆಯಲ್ಲಿ ತಾನಾಗಿ ಉದುರಿದ ಹಣ್ಣನ್ನಷ್ಟೇ ಆರಿಸಿ, ಬೀಜ ಬೇರ್ಪಡಿಸಿ, ಬಂಡೆಯಲ್ಲಿ ಕಡೆದ ತೊಟ್ಟಿಯಲ್ಲಿ ಕಾಲಿನಿಂದ ತುಳಿಯುತ್ತಾರೆ. ಉಳಿದ ಸಿಪ್ಪೆಯ ಮೇಲೆ ಕಲ್ಲು ಹೇರಿದಾಗ ಜಿನುಗುವ ತಿಳಿರಸ ‘ನೀರೊ’. ಇದನ್ನು ಹುಳಿಯುವ ಮೊದಲೇ ಕುಡಿಯುತ್ತಾರೆ. ತುಳಿದ ರಸಕ್ಕೆ ಹೊರಗಿನ ಹುದುಗು ಬೇಡ. ಹಣ್ಣಿಗೆ ಅಂಟಿದ ಯೀಸ್ಟೇ ಸಾಕು, ಸುಮಾರು 3 ದಿನದಲ್ಲಿ ನೊರೆ ಅಡಗುತ್ತದೆ.

ಹುಳಿದ ರಸವನ್ನು ಕಾಯಿಸಿದಾಗ, ಮದ್ಯಸಾರ 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಆವಿಯಲ್ಲಿ ಅದರ ಪಾಲು ಹೆಚ್ಚು. ಕಟ್ಟಿಗೆಯ ಹದವಾದ ಉರಿಯಲ್ಲಿ ಕಾಯುವ ಹಂಡೆಯಿಂದ ಹೊರಟ ಆವಿ, ತಣ್ಣೀರು ಸುರಿಯುತ್ತಿರುವ ಗಡಿಗೆಯಲ್ಲಿ ಹನಿಯಾಗುತ್ತದೆ. ತಾಮ್ರದ ಹಂಡೆ ಗಂಧಕದ ನಾತವನ್ನೂ ಹೀರುತ್ತದೆ. ಮೊದಲ ಇಳಿತ ‘ಉರ್ರಾಕ್’, ಸೌಮ್ಯವಾದದ್ದು. ಅದಕ್ಕೆ ಹುಳಿರಸ ಬೆರೆಸಿ ಮತ್ತೆ ಇಳಿಸಿದರೆ ಫೆನಿ. ಮದ್ಯಸಾರ ಶೇ 42ರ ಆಸುಪಾಸು. ವಾಸನೆ ಮಾತ್ರ ಹೊಸಬರನ್ನು ಬೆಚ್ಚಿಬೀಳಿಸುವಷ್ಟು ಗಾಢ.

ಗೋವೆಯ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆಯಿತು. ಆದರೆ ಗಡಿಯ ಈಚೆ, ಕರ್ನಾಟಕದಲ್ಲಿ ಪರವಾನಗಿಯಿಲ್ಲದ ಭಟ್ಟಿ ಅಪರಾಧ. ಸಾರಾಯಿ ಮಾರಾಟವೂ 2007ರ ಜುಲೈ 1ರಿಂದ ನಿಂತಿದೆ.